ಎರಡು ರೂಪಾಯಿ ನೋಟಿನ ಹಿಂದಿದ್ದ ಕ್ಷಿಪಣಿ (ಭಾಗ 4)

ಮನೇಲಿ ಹಳೇ ಎರಡು ರೂಪಾಯಿ ನೋಟು ಇದ್ರೆ ಒಂದ್ಸಲ ತಿರುಗಿಸಿ ನೋಡಿ. ಹುಲಿ ಇರೋದಲ್ಲ, ಅದು ಇನ್ನೂ ಹಳೇದು. ಆಮೇಲೆ ಬಂದ ನೋಟಿನ ಹಿಂಬದಿಯಲ್ಲಿ ಆರ್ಯಭಟ ಉಪಗ್ರಹದ ಚಿತ್ರ ಇದೆ.

ಆರ್ಯಭಟ ತಯಾರಾಗಿದ್ದು ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ, ಉಡುಪಿ ಕಡೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ. ಇಷ್ಟು ನಿಮಗೆ ಗೊತ್ತಿರುತ್ತೆ. ಆದ್ರೆ ಈ 360 ಕೆ.ಜಿ. ಉಪಗ್ರಹವನ್ನ ಮೇಲಕ್ಕೆ ಹೊತ್ತುಕೊಂಡು ಹೋಗಿದ್ದು ಯಾವುದು? ಕಾಸ್ಮಾಸ್-3ಎಂ ಅನ್ನೋ ಸೋವಿಯತ್ ರಾಕೆಟ್. ಅದರ ಕೆಳಗಿನ ಹಂತ ಮೂಲತಃ ಅಣುಬಾಂಬ್ ಹೊರೋಕೆ ಅಂತ ಮಾಡಿದ್ದು.

ಆ ಕ್ಷಿಪಣಿಯ ಹೆಸರು ಆರ್-14. ಉಕ್ರೇನಿನಲ್ಲಿ ಮಿಖಾಯಿಲ್ ಯಾಂಗೆಲ್ ಅವರ ತಂಡ ವಿನ್ಯಾಸ ಮಾಡಿದ್ದು. ಸೇನೆಗೆ ಸೇರಿದ್ದು 1961ರಲ್ಲಿ, ವ್ಯಾಪ್ತಿ ಸುಮಾರು 4,500 ಕಿ.ಮೀ. ಮರುವರ್ಷವೇ ಇದನ್ನ ಕ್ಯೂಬಾಕ್ಕೆ ಕಳಿಸೋ ಯೋಜನೆ ಆಯ್ತು. 1962ರ ಅಕ್ಟೋಬರ್‌ನಲ್ಲಿ ಅಮೆರಿಕ ಸಮುದ್ರದಲ್ಲಿ ದಿಗ್ಬಂಧನ ಹಾಕಿದಾಗ ಆರ್-14 ಹೊತ್ತ ಹಡಗುಗಳು ದಾರಿ ಮಧ್ಯದಿಂದಲೇ ವಾಪಸ್ ತಿರುಗಿದವು. ಜಗತ್ತು ಉಸಿರು ಬಿಗಿಹಿಡಿದಿದ್ದ ಆ ದಿನಗಳ ಯಂತ್ರವೇ ಹದಿಮೂರು ವರ್ಷ ಆದ್ಮೇಲೆ ನಮ್ಮ ಉಪಗ್ರಹಕ್ಕೆ ಹೆಗಲು ಕೊಟ್ಟಿತು. ನನಗಂತೂ ಇದನ್ನ ಓದಿದಾಗ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಕ್ಷಿಪಣಿ ತುದಿಯಲ್ಲಿ ಬಾಂಬ್ ತೆಗೆದು ಉಪಗ್ರಹ ಇಟ್ಟರೆ ಸಾಕಾ? ಸಾಲದು. ಕ್ಷಿಪಣಿ ಅಂದ್ರೆ ಕಲ್ಲು ಬೀಸಿದ ಹಾಗೆ, ಮೇಲೆ ಹೋಗಿ ಬೀಳಲೇಬೇಕು. ಉಪಗ್ರಹ ಬೀಳದೆ ಸುತ್ತಬೇಕಾದ್ರೆ ಅಡ್ಡಕ್ಕೆ ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ವೇಗ ಬೇಕು. ಆರ್-14ಕ್ಕೆ ಅಷ್ಟು ತಾಕತ್ತಿಲ್ಲ. ಅದಕ್ಕೇ ಅದರ ಮೇಲೆ ಹೊಸದಾಗಿ ಎರಡನೇ ಹಂತ ಕೂರಿಸಿದರು. ಇದರ ಎಂಜಿನ್ ಒಮ್ಮೆ ಉರಿದು, ಆರಿ, ಮತ್ತೆ ಹೊತ್ತಿಕೊಳ್ಳುತ್ತೆ. ಆ ಎರಡನೇ ಉರಿಯೇ ಉಪಗ್ರಹವನ್ನ ಕಕ್ಷೆಗೆ ನೂಕೋದು.

ಇಂಧನದಲ್ಲೂ ಯುದ್ಧದ ಗುರುತು ಉಳಿದಿತ್ತು. ಸ್ಪುಟ್ನಿಕ್ ಹಾರಿಸಿದ ಆರ್-7ಗೆ ದ್ರವ ಆಮ್ಲಜನಕ ಬೇಕಿತ್ತು, ಮೈನಸ್ 183 ಡಿಗ್ರಿಯಲ್ಲೇ ಕುದಿಯೋ ಪದಾರ್ಥ. ತುಂಬಿಸಿಟ್ಟು ದಿನಗಟ್ಟಲೆ ಕಾಯೋಕಾಗಲ್ಲ. ಶತ್ರು ಅಷ್ಟು ಹೊತ್ತು ಕಾಯ್ತಾನಾ? ಹಾಗಾಗಿ ಆರ್-14ಕ್ಕೆ ನೈಟ್ರಿಕ್ ಆಮ್ಲ ಮತ್ತು ಹೈಡ್ರಜಿನ್ ಜಾತಿಯ ಇಂಧನ. ಎರಡೂ ತಾಗಿದ ಕೂಡಲೇ ತಾವಾಗೇ ಹೊತ್ತಿಕೊಳ್ಳುತ್ತವೆ. ಎರಡೂ ವಿಷವೇ. ಉಪಗ್ರಹಕ್ಕೆ ಆ ಅವಸರ ಇಲ್ಲದಿದ್ರೂ ವಿಷ ಮಾತ್ರ ಜೊತೆಗೇ ಬಂತು.

ನಾನು ಬಿಕಾಂ ಓದೋಳು, ಹಾಗಾಗಿ ನನಗೆ ಇದು ಕಾಸ್ಟಿಂಗ್ ಲೆಕ್ಕದ ಹಾಗೆ ಕಾಣುತ್ತೆ. ಕಾರ್ಖಾನೆ, ಎಂಜಿನ್, ಪರೀಕ್ಷೆ, ಸೋತ ಉಡಾವಣೆಗಳು, ಎಲ್ಲದರ ಖರ್ಚು ಆಗಲೇ ಸೇನೆಯ ಖಾತೆಗೆ ಹೋಗಿತ್ತು. ಬಾಹ್ಯಾಕಾಶದ ಖಾತೆಗೆ ಬಂದಿದ್ದು ಮೇಲಿನ ಹಂತದ ಖರ್ಚು ಮಾತ್ರ. ನಮಗಂತೂ ಉಡಾವಣೆ ಉಚಿತ. 1972ರ ಒಪ್ಪಂದದಂತೆ ಬದಲಿಗೆ ಸೋವಿಯತ್ ಹಡಗುಗಳು ನಮ್ಮ ಬಂದರುಗಳನ್ನ ಬಳಸಬಹುದಿತ್ತು.

ಈ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತೆ. ಆರ್ಯಭಟ ಹಾರಿದ್ದು 1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್‌ನಿಂದ. ಅದೇ ಜಾಗದಲ್ಲಿ 1947ರ ಅಕ್ಟೋಬರ್‌ನಲ್ಲಿ ಸೋವಿಯತ್ ಎಂಜಿನಿಯರ್‌ಗಳು ಹಾರಿಸಿದ್ದು ಜರ್ಮನಿಯಿಂದ ತಂದ ವಿ-2. ಲಂಡನ್ ಮೇಲೆ ಬಿದ್ದ ಕ್ಷಿಪಣಿ ಅದು. ನಾಜಿಗಳು ಅದನ್ನ ಸುರಂಗದ ಕಾರ್ಖಾನೆಯಲ್ಲಿ ಶಿಬಿರದ ಕೈದಿಗಳಿಂದ ಮಾಡಿಸಿದ್ರು. ಸಾವಿರಾರು ಜನ ಅಲ್ಲೇ ಸತ್ತರು. ಅವರನ್ನ ಯಾವ ಖಾತೆಗೆ ಬರೀಬೇಕು ಅಂತ ನನ್ನ ಪಠ್ಯಪುಸ್ತಕದಲ್ಲಿ ಇಲ್ಲ.

ಆರ್ಯಭಟದ ವಿದ್ಯುತ್ ವ್ಯವಸ್ಥೆ ಕೆಟ್ಟು ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು. ಉಪಗ್ರಹ ಮಾತ್ರ 1992ರ ತನಕ ಭೂಮಿಯನ್ನ ಸುತ್ತುತ್ತಲೇ ಇತ್ತು. ಕಾಸ್ಮಾಸ್-3ಎಂ ಅದಕ್ಕಿಂತಲೂ ಗಟ್ಟಿ, 2010ರವರೆಗೂ ಹಾರಿತು.

ನಮ್ಮ ದೇಶದಲ್ಲಿ ಕಥೆ ಉಲ್ಟಾ ನಡೀತು. 1980ರಲ್ಲಿ ರೋಹಿಣಿ ಉಪಗ್ರಹ ಹಾರಿಸಿದ ಎಸ್‌ಎಲ್‌ವಿ-3ರ ಮೊದಲ ಹಂತವೇ 1989ರಲ್ಲಿ ಅಗ್ನಿ ಕ್ಷಿಪಣಿಯ ಕೆಳಗೆ ಬಂತು. ಅದು ಭಾಗ 5ರಲ್ಲಿ. ಅಷ್ಟರಲ್ಲಿ ಆ ನೋಟು ಸಿಕ್ಕಿದ್ರೆ ಫೋಟೋ ತೆಗೆದು ಕಳಿಸಿ, ಸ್ಟೋರಿಗೆ ಹಾಕ್ತೀನಿ.