ಒಂದೇ ಹೆಸರಿನ ಫೈಲು, ಮುಗಿಯದ ಜಗಳ

1999ರ ಮಾತು. ಮದುವೆ ಸೀಸನ್ನು. ನಮ್ಮೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ವಿಂಡೋಸ್ 98 ಕಂಪ್ಯೂಟರಿಗೆ ನಾನು ವಿಬಿಯಲ್ಲಿ ಬರೆದ ಬಿಲ್ಲಿಂಗ್ ಪ್ರೋಗ್ರಾಮ್ ಹಾಕುತ್ತಿದ್ದೆ. ನಡುವೆ ಒಂದು ಮೆಸೇಜು ಬಂತು: ನೀವು ಹಾಕುತ್ತಿರುವ ಫೈಲಿಗಿಂತ ಇಲ್ಲಿರುವುದೇ ಹೊಸದು, ಇದನ್ನೇ ಉಳಿಸಿಕೊಳ್ಳಲೇ? ನನ್ನ ಸಿಡಿಯಲ್ಲಿರುವುದೇ ಸರಿ ಅಂತ 'ನೋ' ಒತ್ತಿದೆ. ಬಿಲ್ಲು ಚಕಚಕ ಪ್ರಿಂಟಾಯಿತು, ಕಾಫಿಯೂ ಬಂತು. ಸಂಜೆ ಫೋನು. "ಏನ್ ಮಾಡಿ ಹೋದ್ರಿ ಸಾರ್? ಲಗ್ನಪತ್ರಿಕೆ ಮಾಡೋ ಪ್ರೋಗ್ರಾಮ್ ಓಪನ್ನೇ ಆಗ್ತಿಲ್ಲ!"

ನಾನು ಅಳಿಸಿದ್ದು ಎಂಎಫ್‌ಸಿ42.ಡಿಎಲ್‌ಎಲ್. ಡಿಎಲ್‌ಎಲ್ ಅಂದರೆ ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಕೋಡಿನ ಫೈಲು. 1996ರ ವಿಶುವಲ್ ಸಿ++ 4.2ರಿಂದ 1998ರ 6.0ವರೆಗೂ ಈ ಫೈಲಿಗೆ ಇದೇ ಹೆಸರು, ಒಳಗಿನ ಸರಕು ಮಾತ್ರ ಬೇರೆ ಬೇರೆ. ಸಿಸ್ಟಮ್ ಫೋಲ್ಡರಿನಲ್ಲಿ ಇರುವುದು ಒಂದೇ ಪ್ರತಿ, ಕೊನೆಗೆ ಬಂದವನದೇ ಯಜಮಾನಿಕೆ! ಹಂಚಿಕೊಂಡದ್ದು ತಪ್ಪು ಅಂತ ನಾನು ಹೇಳಲಾರೆ. ಡಿಸ್ಕು, ಮೆಮೊರಿ ಎರಡೂ ದುಬಾರಿಯಾಗಿದ್ದ ಕಾಲ ಅದು. ಹೆಸರು ನೋಡಿದರೆ ಆವೃತ್ತಿ ತಿಳಿಯುತ್ತಿರಲಿಲ್ಲವಲ್ಲ, ಎಡವಟ್ಟಾದದ್ದು ಅಲ್ಲಿ. ಇದಕ್ಕೆ 'ಡಿಎಲ್‌ಎಲ್ ಹೆಲ್' ಅಂತಲೇ ಹೆಸರು ಬಿತ್ತು.

ವಿಂಡೋಸ್ 2000 ಬಂದಾಗ ಸಿಸ್ಟಮ್ ಫೈಲುಗಳಿಗೆ ಕಾವಲು ಹಾಕಿದರು. 2002ರಲ್ಲಿ ಡಾಟ್‌ನೆಟ್ ಫ್ರೇಮ್‌ವರ್ಕ್ ಬಂತು. ಅದರಲ್ಲಿ ಹೆಸರಿನ ಜೊತೆ ನಾಲ್ಕು ಭಾಗದ ಆವೃತ್ತಿ ಸಂಖ್ಯೆ, ಬರೆದವರ ಕೀ ಎಲ್ಲವೂ ಸೇರಿ ಒಂದು ಗುರುತು. ಹಳೆಯದು ಹೊಸದು ಅಕ್ಕಪಕ್ಕ ಬಾಳಬಹುದು. ನರಕ ಮುಗಿಯಿತು ಅಂತ ನಾವೆಲ್ಲ ನಂಬಿದೆವು.

ಆದರೆ ಗುರುತು ಬಿಗಿಯಾದಷ್ಟೂ ತಕರಾರು ಜಾಸ್ತಿ. ಕೇಳಿದ ಆವೃತ್ತಿ ಸಿಗದಿದ್ದರೆ ಪ್ರೋಗ್ರಾಮ್ ಮುಷ್ಕರ ಹೂಡುತ್ತದೆ. ಕಾನ್ಫಿಗ್ ಫೈಲಿನಲ್ಲಿ 'ಅದರ ಬದಲು ಇದನ್ನು ತಗೋ' ಅಂತ ಬರೆದು ಸಮಾಧಾನ ಮಾಡಬಹುದು. 2011ರಲ್ಲಿ ಅದೂ ಕೈಕೊಟ್ಟಿತು. ಲಾಗ್‌ಫೋರ್‌ನೆಟ್ ಅನ್ನುವ ಲೈಬ್ರರಿಯ 1.2.11 ಹೊಸ ಕೀ ಹೊತ್ತು ಬಂತು (ಹಳೇ ಕೀಯದ್ದನ್ನೂ ಬೇರೆಯಾಗಿ ಕೊಟ್ಟಿದ್ದರು). ಕೀ ಬೇರೆಯಾದರೆ ಫ್ರೇಮ್‌ವರ್ಕಿನ ಲೆಕ್ಕದಲ್ಲಿ ಅದು ಬೇರೆಯೇ ಲೈಬ್ರರಿ, ಆ 'ಬದಲು ತಗೋ' ನಡೆಯುವುದಿಲ್ಲ. ಒಂದು ಕಾಂಪೊನೆಂಟಿಗೆ ಹಳೇ ಕೀಯ 1.2.10 ಬೇಕು, ಇನ್ನೊಂದಕ್ಕೆ ಹೊಸ ಕೀಯದ್ದು. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು ಕೂರುವುದು ಹೇಗೆ? ನನಗೆ ಥಟ್ಟನೆ ಆ ಪ್ರೆಸ್ಸು ನೆನಪಾಯಿತು.

ಅವತ್ತು ರಾತ್ರಿಯೇ ಓಡಿದ್ದೆ. ಬಳಕೆಯಲ್ಲಿರುವ ಫೈಲನ್ನು ವಿಂಡೋಸ್ ಬದಲಿಸಗೊಡದು, ಹಾಗಾಗಿ ಡಾಸ್‌ಗೆ ಹೋಗಿ ಅವರದೇ ಸಿಡಿಯ ಹೊಸ ಫೈಲು ಕಾಪಿ ಮಾಡಿದೆ. ಲಗ್ನಪತ್ರಿಕೆ ತೆರೆಯಿತು. ಆ ಹೊಸ ಫೈಲಿನ ಜೊತೆ ನನ್ನ ಬಿಲ್ಲಿಂಗ್ ಪ್ರೋಗ್ರಾಮೂ ಸಲೀಸಾಗಿ ಓಡಿತು! ಯಜಮಾನರು ದುಡ್ಡು ಕೊಟ್ಟರು. ಕಾಫಿ ಮಾತ್ರ ಕೊಡಲಿಲ್ಲ :)