ಕೃಷ್ಣಗಿರಿಯ ನೀರು, ಹೊಟ್ಟೆನೋವು ಮತ್ತು ‘ಬಾರ್ಡರ್ ಶುಗರ್’



ಘಟ್ಟ ಹತ್ತಿ ದುಡಿಯಲು ಹೋದವರು ನಮ್ಮ ಬ್ಯಾರಿ ಮನೆಗಳಲ್ಲಿ ಹಿಂದಿನಿಂದಲೂ ಇದ್ದಾರೆ. ಬೆಂಗಳೂರಿನಲ್ಲಿ ಅಂಗಡಿ ಬಾಡಿಗೆ ಏರಿದ ಮೇಲೆ ಕೆಲವರು ಇನ್ನೂ ನಲವತ್ತು ಕಿಲೋಮೀಟರ್ ಮುಂದೆ ಹೋಗಿ ಹೊಸೂರಿನಲ್ಲಿ, ಅಲ್ಲಿಂದಾಚೆ ಕೃಷ್ಣಗಿರಿಯಲ್ಲಿ ನೆಲೆ ನಿಂತರು. ಅಲ್ಲಿಂದ ಬರುವ ಫೋನಿನಲ್ಲಿ ಕೆಲವೊಮ್ಮೆ ಒಂದೇ ತರದ ಮಾತು ಕೇಳುತ್ತದೆ. “ಉಮ್ಮ, ಮೈಯಲ್ಲಿ ಶಕ್ತಿಯೇ ಇಲ್ಲ. ಹೊಟ್ಟೆ ನೋಯುತ್ತದೆ. ಬಾಯಾರಿಕೆ ಜಾಸ್ತಿ. ಡಾಕ್ಟರು ಶುಗರ್ ಬಾರ್ಡರಿನಲ್ಲಿದೆ ಎಂದರು.” ಈ ಕಡೆಯಿಂದ ಹೋಗುವ ಉತ್ತರವೂ ಒಂದೇ. ಹೋಟೆಲ್ ಊಟ ಬಿಡು, ಸಿಹಿ ಕಡಿಮೆ ಮಾಡು, ಗ್ಯಾಸಿನ ಮಾತ್ರೆ ತೆಗೆದುಕೋ.

ಈ ಉತ್ತರದಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಅದು ನೀರಿನ ಪ್ರಶ್ನೆ. ಕೃಷ್ಣಗಿರಿ ಮತ್ತು ಧರ್ಮಪುರಿಯ ಮಟ್ಟಿಗೆ ಆ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ.

ಮೊದಲು ಆ ನಾಡಿನ ಪರಿಚಯ ಮಾಡಿಕೊಳ್ಳೋಣ. ಹಳೆಯ ದಾಖಲೆಗಳಲ್ಲಿ ಕೃಷ್ಣಗಿರಿಯ ಸೀಮೆಗೆ ಬಾರಾಮಹಲ್ ಎಂದು ಹೆಸರು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ಕಂಪೆನಿಗೆ ಬಿಟ್ಟುಕೊಡಬೇಕಾದ ಪ್ರದೇಶಗಳಲ್ಲಿ ಇದೂ ಒಂದು. ಮುಂದೆ ಅದು ಮದ್ರಾಸ್ ಪ್ರೆಸಿಡೆನ್ಸಿಯ ಸೇಲಂ ಜಿಲ್ಲೆಗೆ ಸೇರಿತು. ನಮ್ಮ ಮಂಗಳೂರು ಕೂಡ 1956ರವರೆಗೆ ಮದ್ರಾಸಿನ ಆಡಳಿತದಲ್ಲೇ ಇತ್ತು. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಕೇಳಿಸುವ ನಾಡು ಅದು.

ಆದರೆ ನೆಲ ನಮ್ಮ ಕರಾವಳಿಯಂಥದ್ದಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ. ಮುರಕಲ್ಲು ಕಡಿದು ತೋಡಿದ ಬಾವಿಗೆ ಪ್ರತಿ ಮಳೆಗಾಲವೂ ಹೊಸ ನೀರು ಬರುತ್ತದೆ. ಅಲ್ಲಿಯ ಮಳೆ ನಮ್ಮದರ ಸುಮಾರು ಕಾಲುಭಾಗ, ಕೆಳಗೆ ಗಟ್ಟಿ ಗ್ರಾನೈಟ್ ಜಾತಿಯ ಬಂಡೆ. ಆ ಬಂಡೆಯ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕಿನಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಫ್ಲೋರೈಡ್ ಅದರೊಳಗೆ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಜಾಸ್ತಿ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಇದು ಗೊತ್ತಾಗುವುದಿಲ್ಲ.

ಫ್ಲೋರೈಡ್ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದು ಜಗತ್ತಿಗೆ ಸ್ಪಷ್ಟವಾದದ್ದು 1930ರ ದಶಕದಲ್ಲಿ. ಕೋಪನ್‌ಹೇಗನ್ನಿನಲ್ಲಿ ಕ್ರಯೋಲೈಟ್ ಎಂಬ ಫ್ಲೋರೈಡ್ ಖನಿಜ ಪುಡಿಮಾಡುವ ಕಾರ್ಖಾನೆಯ ಕೆಲಸಗಾರರ ಎಕ್ಸ್‌ರೇ ತೆಗೆದ ವೈದ್ಯರಿಗೆ ಅವರ ಮೂಳೆಗಳು ಅಸಹಜವಾಗಿ ಗಟ್ಟಿಯಾಗಿರುವುದು ಕಂಡಿತು. ಆದರೆ ಆ ಕೆಲಸಗಾರರು ಹೇಳಿಕೊಳ್ಳುತ್ತಿದ್ದದ್ದು ಮುಖ್ಯವಾಗಿ ಹೊಟ್ಟೆಯ ತೊಂದರೆ: ಹಸಿವಿಲ್ಲ, ವಾಕರಿಕೆ, ವಾಂತಿ. ಡೆನ್ಮಾರ್ಕಿನ ಕಾಯ್ ರೋಹೋಮ್ ಈ ಬಗ್ಗೆ ದೊಡ್ಡ ಗ್ರಂಥವನ್ನು 1937ರಲ್ಲಿ ಪ್ರಕಟಿಸಿದರು. ಅದೇ 1937ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ನೆಲ್ಲೂರು ಜಿಲ್ಲೆಯಿಂದ ಎಚ್. ಇ. ಶಾರ್ಟ್ ಮತ್ತು ಸಂಗಡಿಗರ ವರದಿ ಬಂತು. ಬೆನ್ನುಮೂಳೆ ಸೆಟೆದುಕೊಂಡು ಬಗ್ಗಲಾಗದ ಹಳ್ಳಿಗರ ಕಾಯಿಲೆಗೆ ಕುಡಿಯುವ ನೀರಿನ ಫ್ಲೋರೈಡೇ ಕಾರಣ ಎಂದು ಅವರು ತೋರಿಸಿದರು. ಡೆನ್ಮಾರ್ಕಿನಲ್ಲಿ ಕಾರ್ಖಾನೆಯ ಧೂಳು ಮಾಡಿದ್ದನ್ನು ನಮ್ಮ ದಕ್ಷಿಣದಲ್ಲಿ ಬಾವಿ ನೀರು ಮಾಡುತ್ತಿತ್ತು.

ಆಮೇಲೆ ಕೊಳವೆಬಾವಿಯ ಕಾಲ ಬಂತು. 1966-67ರ ಬಿಹಾರದ ಬರದ ನಂತರ ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ರಿಗ್‌ಗಳನ್ನು ಭಾರತಕ್ಕೆ ತಂದಿತು. 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್ 2’ ಕೈಪಂಪು ತಯಾರಾಗಿ ಮುಂದೆ ಹಳ್ಳಿ ಹಳ್ಳಿಗೆ ಹೋಯಿತು. ಅದನ್ನು ತಪ್ಪು ಎನ್ನಲಾಗದು. ಕೆರೆ ನೀರಿನಿಂದ ಬರುತ್ತಿದ್ದ ಕಾಲರಾ, ವಾಂತಿಭೇದಿ, ನಾರುಹುಣ್ಣಿನಿಂದ ಲಕ್ಷಾಂತರ ಜನರನ್ನು ಆ ಪಂಪು ಕಾಪಾಡಿತು. ಆದರೆ ಬಂಡೆಯ ಆಳದ ನೀರನ್ನು ದಿನವೂ ಕುಡಿಯುವ ಅಭ್ಯಾಸ ಬೆಳೆದದ್ದೂ ಆಗಲೇ. ನೆಲದ ನೀರು ಇಳಿದಂತೆ ಕೊರೆತ ಆಳಕ್ಕೆ ಹೋಯಿತು, ಕೆಲವು ಕಡೆ ಫ್ಲೋರೈಡ್ ಮೇಲೆ ಬಂತು. ಧರ್ಮಪುರಿ, ಕೃಷ್ಣಗಿರಿಯ ಅನೇಕ ಹಳ್ಳಿಗಳ ಮಕ್ಕಳ ಹಲ್ಲುಗಳಲ್ಲಿ ಕಂದು ಪಟ್ಟೆ ಮೂಡಿತು, ಹಿರಿಯರ ಕೀಲು ಹಿಡಿಯಿತು. ನಮ್ಮ ರಾಜ್ಯದ ಪಾವಗಡ, ಕೋಲಾರದ ಕಡೆಯದ್ದೂ ಇದೇ ಕಥೆ.

ಅದಕ್ಕೆ ಪರಿಹಾರವಾಗಿ ಬಂದದ್ದು ಹೊಗೇನಕಲ್ ಯೋಜನೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ನೆನಪಿರುವುದು ಗಲಾಟೆಯಾಗಿ. 1998ರಲ್ಲಿ ಕೇಂದ್ರ ಸರಕಾರ 1.4 ಟಿಎಂಸಿ ಕಾವೇರಿ ನೀರನ್ನು ಕುಡಿಯಲು ಬಳಸಲು ಆಕ್ಷೇಪವಿಲ್ಲ ಎಂದಿತ್ತು. 2008ರ ಫೆಬ್ರವರಿಯಲ್ಲಿ ಕರುಣಾನಿಧಿಯವರು ಶಂಕುಸ್ಥಾಪನೆ ಮಾಡಿದರು. ಕರ್ನಾಟಕದಲ್ಲಿ ಪ್ರತಿಭಟನೆ, ಚೆನ್ನೈಯಲ್ಲಿ ಸಿನಿಮಾದವರ ಉಪವಾಸ, ನಡುವೆ ನಮ್ಮ ರಾಜ್ಯದ ಚುನಾವಣೆ. ಎರಡೂ ಕಡೆ ಟಿಎಂಸಿ ಲೆಕ್ಕ ಕೇಳಿಸಿತು. ಯೋಜನೆಯ ಪೂರ್ತಿ ಹೆಸರು ‘ಹೊಗೇನಕಲ್ ಕುಡಿಯುವ ನೀರು ಪೂರೈಕೆ ಮತ್ತು ಫ್ಲೋರೋಸಿಸ್ ತಡೆ ಯೋಜನೆ’ ಎಂಬುದು ಎಷ್ಟು ಜನರ ಕಿವಿಗೆ ಬಿತ್ತು? ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನಿಂದ, 1,900 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದಲ್ಲಿ ಅದು ಮುಗಿದು, 2013ರಲ್ಲಿ ಜಯಲಲಿತಾ ಅವರ ಕಾಲದಲ್ಲಿ ಉದ್ಘಾಟನೆಯಾಯಿತು. ಇಂದು ಧರ್ಮಪುರಿ, ಕೃಷ್ಣಗಿರಿ, ಹೊಸೂರಿನವರೆಗೆ ಆ ನೀರು ಏರುತ್ತದೆ. ಅದನ್ನು ಕುಡಿಯುವವರಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ, ನಮ್ಮವರೂ ಇದ್ದಾರೆ.

ಹಾಗಾದರೆ ಸಮಸ್ಯೆ ಮುಗಿಯಿತೇ? ಊರಿಗೆ ನದಿ ನೀರು ಬಂದ ಮಾತ್ರಕ್ಕೆ ಪ್ರತಿ ಕೊಡಕ್ಕೂ ಬಂದ ಹಾಗಲ್ಲ. ಬಾಡಿಗೆ ರೂಮು, ಅಂಗಡಿಯ ಹಿಂದಿನ ಟ್ಯಾಂಕು, ಹೋಟೆಲಿನ ಅಡಿಗೆಮನೆಗಳಲ್ಲಿ ಬೋರ್‌ವೆಲ್ ನೀರು ಈಗಲೂ ಬಳಕೆಯಲ್ಲಿದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಂಗಡಿಯಲ್ಲೇ ಇರುವ ಹುಡುಗ ಯಾವ ನೀರು ಕುಡಿಯುತ್ತಾನೆ ಎಂದು ಅವನಿಗೇ ಗೊತ್ತಿರುವುದಿಲ್ಲ.

ಈಗ ಸುಸ್ತು ಮತ್ತು ಹೊಟ್ಟೆನೋವಿನ ವಿಷಯಕ್ಕೆ ಬರೋಣ. ಫ್ಲೋರೋಸಿಸ್ ಎಂದರೆ ಹಲ್ಲು, ಮೂಳೆ ಮಾತ್ರ ಎಂದು ಬಹಳ ಕಾಲ ತಿಳಿದಿದ್ದರು. ದೆಹಲಿಯ ಏಮ್ಸ್‌ನಲ್ಲಿದ್ದ ಡಾ. ಎ. ಕೆ. ಸುಶೀಲಾ ಮತ್ತು ಸಂಗಡಿಗರು ಮೂಳೆಗೆ ಮೊದಲೇ ಹೊಟ್ಟೆ ದೂರು ಹೇಳುತ್ತದೆ ಎಂದು ತೋರಿಸಿದರು. ಜಠರದ ಆಮ್ಲದೊಡನೆ ಸೇರಿದ ಫ್ಲೋರೈಡ್ ಒಳಪದರವನ್ನು ಕೆರಳಿಸುತ್ತದೆ. ಹೊಟ್ಟೆನೋವು, ವಾಕರಿಕೆ, ಉಬ್ಬರ ಬರುತ್ತವೆ. ಆಹಾರದ ಸತ್ವ ಸರಿಯಾಗಿ ಸೇರದೆ ರಕ್ತಹೀನತೆಯಾಗಬಹುದು, ಅದರಿಂದ ಸುಸ್ತು. ಇನ್ನು ಕೆಲವರಿಗೆ ಬಾಯಾರಿಕೆ ಮತ್ತು ಪದೇಪದೇ ಮೂತ್ರ. ಇವೆಲ್ಲ ಒಟ್ಟಿಗೆ ಬಂದರೆ ಯಾರಿಗಾದರೂ ಸಕ್ಕರೆ ಕಾಯಿಲೆ ಎಂದೇ ಅನಿಸುತ್ತದೆ.

ಸಕ್ಕರೆಗೂ ಇದಕ್ಕೂ ನಂಟು ಇದೆಯೇ? 1993ರಲ್ಲಿ ‘ಡಯಾಬಿಟೊಲೋಜಿಯಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಭಾರತದ ವೈದ್ಯರ ತಂಡವೊಂದು ಸಣ್ಣ ಅಧ್ಯಯನ ಪ್ರಕಟಿಸಿತು. ಫ್ಲೋರೋಸಿಸ್ ಇದ್ದ 25 ಯುವಜನರಲ್ಲಿ ಶೇ. 40 ಮಂದಿಗೆ ಗ್ಲೂಕೋಸ್ ಕೊಟ್ಟು ನೋಡಿದಾಗ ಸಕ್ಕರೆ ಇರಬೇಕಾದ್ದಕ್ಕಿಂತ ಮೇಲಿತ್ತು. ಆರು ತಿಂಗಳು ಒಳ್ಳೆಯ ನೀರು ಕೊಟ್ಟ ಮೇಲೆ ಅದು ಸರಿಹೋಯಿತು. 25 ಜನರಿಂದ ಇಡೀ ಜಿಲ್ಲೆಯ ತೀರ್ಮಾನ ಮಾಡಲಾಗದು. ಆದರೆ ಪ್ರಶ್ನೆ ಕೇಳಲು ಅಷ್ಟು ಸಾಕು.

ಇದನ್ನು ಓದಿ ಯಾರೂ ಸಕ್ಕರೆ ಪರೀಕ್ಷೆ ಬಿಡಬಾರದು. 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ‘ಬಾರ್ಡರ್’ ಎಂದರೆ ಸಾಮಾನ್ಯವಾಗಿ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125, ಅಥವಾ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7ರಿಂದ 6.4. ಗಮನಿಸಬೇಕಾದ್ದು ಏನೆಂದರೆ, ಈ ಹಂತದ ಸಕ್ಕರೆ ತಾನಾಗಿ ಹೊಟ್ಟೆನೋವು ತರುವುದಿಲ್ಲ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ ನೋವಿಗೂ ಸುಸ್ತಿಗೂ ‘ಬಾರ್ಡರ್ ಶುಗರ್’ ಎಂಬ ಒಂದೇ ಹೆಸರು ಕೊಟ್ಟು ಸುಮ್ಮನಾದರೆ ನಿಜವಾದ ಕಾರಣ ತಪ್ಪಿಹೋಗಬಹುದು. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಅಂಕಿಯೇ ಹೆಚ್ಚುಕಡಿಮೆ ತೋರಿಸಬಹುದು. ಹೊಟ್ಟೆನೋವು ಬೆನ್ನಿನ ಕಡೆ ಹೋಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಜೊತೆಗೆ ಸಕ್ಕರೆಯೂ ಏರಿದ್ದರೆ ಮೇದೋಜೀರಕ ಗ್ರಂಥಿಯನ್ನು ನೋಡಿಸಲೇಬೇಕು. ಅದು ನೀರಿನ ವಿಷಯವಲ್ಲ, ಕಾಯುವ ವಿಷಯವೂ ಅಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಡಾಕ್ಟರ ಬಳಿ ಹೋದಾಗ ಹಿಮೋಗ್ಲೋಬಿನ್, ಖಾಲಿ ಹೊಟ್ಟೆಯ ಸಕ್ಕರೆ ನೋಡಿಸಿ, ಕುಡಿಯುವ ನೀರು ಎಲ್ಲಿಯದು ಎಂದೂ ಹೇಳಿ. ಮೂತ್ರದಲ್ಲಿ ಫ್ಲೋರೈಡ್ ಅಳೆಯುವ ಪರೀಕ್ಷೆ ಇದೆ. ನೀರನ್ನು ತಮಿಳುನಾಡು ಕುಡಿಯುವ ನೀರು ಮಂಡಳಿಯ ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬಹುದು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5 ಕೊನೆಯ ಮಿತಿ ಎನ್ನುತ್ತದೆ ಭಾರತೀಯ ಮಾನಕ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟು ನೀರು ಕಡಿಮೆಯಾಗಿ ಉಳಿದದ್ದು ಗಾಢವಾಗುತ್ತದೆ. ಆರ್‌ಒ ಯಂತ್ರ ತೆಗೆಯುತ್ತದೆ. ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಹಾಲು, ಸೊಪ್ಪು, ನೆಲ್ಲಿಕಾಯಿ, ನಿಂಬೆ ಊಟದಲ್ಲಿರಲಿ. ಇನ್ನೊಂದು ಮಾತು ನಮ್ಮವರಿಗೇ. ಚಹಾದ ಎಲೆಯಲ್ಲೇ ಫ್ಲೋರೈಡ್ ಇದೆ. ಬೋರ್‌ವೆಲ್ ನೀರಿನಲ್ಲಿ ದಿನಕ್ಕೆ ಏಳೆಂಟು ಗ್ಲಾಸು ಸುಲೈಮಾನಿ ಕುದಿಸಿ ಕುಡಿದರೆ ಎರಡು ಕಡೆಯಿಂದಲೂ ಸೇರುತ್ತದೆ.

ಮದೀನಾದಲ್ಲಿ ಹಣ ಕೊಟ್ಟು ಕುಡಿಯಬೇಕಾಗಿದ್ದ ರೂಮಾ ಬಾವಿಯನ್ನು ಹಝ್ರತ್ ಉಸ್ಮಾನ್ ಖರೀದಿಸಿ ಜನರಿಗೆ ಬಿಟ್ಟುಕೊಟ್ಟ ಇತಿಹಾಸ ನಮ್ಮ ಮಕ್ಕಳಿಗೂ ಗೊತ್ತು. ಒಳ್ಳೆಯ ನೀರು ಕೊಡುವುದು ದಾನ ಎಂದು ಕಲಿತವರು ನಾವು. ಊರಿನ ಬಾವಿ ನೀರು ಕುಡಿದು ಬೆಳೆದ ನಮಗೆ ನೀರನ್ನು ಅನುಮಾನಿಸುವ ಅಭ್ಯಾಸವಿಲ್ಲ. ಮುಂದಿನ ಸಲ ಹೊಸೂರಿನಿಂದಲೋ ಕೃಷ್ಣಗಿರಿಯಿಂದಲೋ ಮಗ ಫೋನು ಮಾಡಿ ಸುಸ್ತು, ಹೊಟ್ಟೆನೋವು ಎಂದರೆ, “ಊಟ ಮಾಡಿದೆಯಾ?” ಎಂದು ಕೇಳಿದ ಮೇಲೆ ಇನ್ನೊಂದನ್ನೂ ಕೇಳಿ: “ಮೋನೇ, ಕುಡಿಯುವ ನೀರು ಎಲ್ಲಿಂದ ತರುತ್ತೀ?”