ಬಿಚ್ಚಿ ಕಟ್ಟಬೇಕೆ, ಬದಲಿಸಬೇಕೆ: ರೋಟರಿ ಇಂಜಿನ್ನಿನ ಹಳೆಯ ಪ್ರಶ್ನೆ

ಜರ್ಮನಿಯ ಎನ್‌ಎಸ್‌ಯು ಕಂಪನಿ 1967ರಲ್ಲಿ ಆರ್‌ಒ 80 ಎಂಬ ಕಾರನ್ನು ರಸ್ತೆಗಿಳಿಸಿತು. ಅದರ ಬಾನೆಟ್ಟಿನ ಕೆಳಗೆ ಪಿಸ್ಟನ್ನೇ ಇರಲಿಲ್ಲ. ಫೆಲಿಕ್ಸ್ ವಾಂಕೆಲ್ ರೂಪಿಸಿದ ತತ್ವದಂತೆ, ಮೊಟ್ಟೆಯಾಕಾರದ ಗೂಡಿನೊಳಗೆ ಮೂರು ಮೂಲೆಯ ರೋಟರ್ ಸುತ್ತುತ್ತಿತ್ತು. ಸದ್ದು ಕಡಿಮೆ, ನಡುಕವಂತೂ ಇಲ್ಲವೇ ಇಲ್ಲ. 1968ರ ಯುರೋಪಿನ ವರ್ಷದ ಕಾರು ಎಂಬ ಪ್ರಶಸ್ತಿ ಅದಕ್ಕೇ ಸಂದಿತು.

ಸಂಭ್ರಮ ಹೆಚ್ಚು ಕಾಲ ಉಳಿಯಲಿಲ್ಲ. ರೋಟರಿನ ಮೂಲೆಗಳಲ್ಲಿ ಕೂರುವ ಸೀಲುಗಳು ಬೇಗ ಸವೆದು, ಇಂಜಿನ್ನುಗಳು ಒಂದರ ಹಿಂದೊಂದು ಕೈಕೊಟ್ಟವು. ಕಂಪನಿ ವಾರಂಟಿಯಲ್ಲಿ ಹೊಸ ಇಂಜಿನ್ ಕೊಡುತ್ತಲೇ ಹೋಯಿತು. ಅಷ್ಟು ಸಣ್ಣ ಸಂಸ್ಥೆಗೆ ಅದು ಹೊರಲಾರದ ಭಾರ. 1969ರಲ್ಲಿ ಅದು ಫೋಕ್ಸ್‌ವ್ಯಾಗನ್ ಆಸರೆಯಲ್ಲಿ ಆಡಿ ಜೊತೆ ವಿಲೀನವಾಯಿತು. ವಾರಂಟಿ ಮುಗಿದ ಮೇಲೆ ಕಾರು ಕೊಂಡವರ ಪಾಡು ಇನ್ನೂ ಕಷ್ಟ. ಅವರಲ್ಲಿ ಹಲವರು ರೋಟರಿಯನ್ನು ಇಳಿಸಿ ಫೋರ್ಡಿನ ವಿ4 ಇಂಜಿನ್ ಕೂರಿಸಿದರು. ಉದ್ದ ಕಡಿಮೆಯಿದ್ದುದರಿಂದ ಅದು ಆ ಇಕ್ಕಟ್ಟಿನಲ್ಲಿ ಹಿಡಿಯುತ್ತಿತ್ತು. ಕಾರು ಓಡಿತು, ನಿಜ. ಆದರೆ ಆರ್‌ಒ 80ಯನ್ನು ಯಾವ ನುಣುಪಿಗಾಗಿ ಕೊಂಡಿದ್ದರೋ ಆ ನುಣುಪೇ ಹೋಯಿತು.

ಅದೇ ಸೀಲಿನ ಸಮಸ್ಯೆ ಹಿರೋಶಿಮಾದಲ್ಲಿ ಬೇರೆ ತಿರುವು ಪಡೆಯಿತು. ಮಜ್ದಾ ಕಂಪನಿ 1961ರಲ್ಲಿ ಎನ್‌ಎಸ್‌ಯು ಜೊತೆ ಒಪ್ಪಂದ ಮಾಡಿಕೊಂಡಿತ್ತು. ಪ್ರಯೋಗದ ಇಂಜಿನ್ನುಗಳನ್ನು ಬಿಚ್ಚಿದಾಗೆಲ್ಲ ಗೂಡಿನ ಒಳಗೋಡೆಯ ಮೇಲೆ ಅಲೆಯಲೆಯಾಗಿ ಗೀರುಗಳು ಕಾಣುತ್ತಿದ್ದವು. ಎಂಜಿನಿಯರುಗಳು ಅವನ್ನು ದೆವ್ವದ ಉಗುರಿನ ಗುರುತು ಎಂದು ಕರೆದರು. ಕೆನಿಚಿ ಯಮಾಮೊಟೊ ಮುಂದಾಳಾಗಿದ್ದ 47 ಎಂಜಿನಿಯರುಗಳ ತಂಡ ಸೀಲಿಗಾಗಿ ಸಿಕ್ಕ ಸಿಕ್ಕ ವಸ್ತುವನ್ನೆಲ್ಲ ಪರೀಕ್ಷಿಸಿ, ಕೊನೆಗೆ ಇಂಗಾಲ ಮತ್ತು ಅಲ್ಯೂಮಿನಿಯಂ ಕೂಡಿಸಿದ ಸೀಲನ್ನು ಆರಿಸಿತು. 1967ರ ಮೇ ತಿಂಗಳಲ್ಲಿ ಎರಡು ರೋಟರಿನ ಕಾಸ್ಮೊ ಸ್ಪೋರ್ಟ್ ಮಾರಾಟಕ್ಕೆ ಬಂತು. 1978ರಲ್ಲಿ ಆರ್‌ಎಕ್ಸ್-7 ಹುಟ್ಟಿತು. 2002ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಎಂಟು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ನಡುವೆ 1991ರಲ್ಲಿ ನಾಲ್ಕು ರೋಟರಿನ 787ಬಿ ಕಾರು ಲ ಮಾನ್‌ನ 24 ಗಂಟೆಗಳ ಪಂದ್ಯವನ್ನೇ ಗೆದ್ದಿತು. ಸೀಲು ತಾಳುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿರಲಿಲ್ಲ.

ಆದರೂ ಸೆಕೆಂಡ್‌ಹ್ಯಾಂಡ್ ಆರ್‌ಎಕ್ಸ್-7 ಕೊಂಡವರನ್ನು ಹಳೆಯ ಪ್ರಶ್ನೆ ಬಿಡಲಿಲ್ಲ. ಮಾಮೂಲಿ ಇಂಜಿನ್ ಸವೆದರೆ ಸಿಲಿಂಡರ್ ಬೋರಿಂಗ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು. ರೋಟರಿಯ ಗೂಡು ದುಂಡಗಿಲ್ಲ. ಅದನ್ನು ಕೊರೆದು ಹಿಗ್ಗಿಸುವ ದಾರಿಯೇ ಇಲ್ಲ. ಅಲ್ಯೂಮಿನಿಯಂ ಗೂಡಿನ ಒಳಮೈಗೆ ಹಾಕಿದ ಕ್ರೋಮ್ ಲೇಪ ಚೆನ್ನಾಗಿದ್ದರೆ ಹೊಸ ಸೀಲು, ಸ್ಪ್ರಿಂಗು, ನೀರು ಸೋರದಂತೆ ತಡೆಯುವ ರಬ್ಬರ್ ಉಂಗುರ ಹಾಕಿ ಇಂಜಿನ್ ಕಟ್ಟಬಹುದು. ಚಲಿಸುವ ಭಾಗಗಳು ಕಡಿಮೆ, ವಾಲ್ವುಗಳಿಲ್ಲ. ತಿಳಿದವರ ಕೈಗೆ ಅದು ಸುಲಭದ ಕೆಲಸ. ಮುರಿದ ಸೀಲಿನ ಚೂರು ಲೇಪವನ್ನು ಕಿತ್ತಿದ್ದರೆ, ಅಥವಾ ನೀರಿಲ್ಲದೆ ಕಾದು ಗೂಡು ಸೊಟ್ಟಗಾಗಿದ್ದರೆ, ಗೂಡನ್ನೇ ಹೊಸದಾಗಿ ಕೊಳ್ಳಬೇಕು. ಖರ್ಚು ಹಾರುವುದು ಅಲ್ಲಿ. ಆ ಚೂರು ಹೊರಹೋಗುವಾಗ ಟರ್ಬೊದ ಎಲೆಗಳನ್ನೂ ಕಚ್ಚಿ ಹಾಳುಮಾಡಬಲ್ಲದು. ಹಾಗಾಗಿ ಕೊಳ್ಳುವ ಮೊದಲೇ ಕಂಪ್ರೆಷನ್ ನೋಡಿಸಬೇಕು, ಅದೂ ರೋಟರಿಗೆಂದೇ ಇರುವ ಮೀಟರಿನಲ್ಲಿ. ಪ್ರತಿ ರೋಟರಿಗೆ ಮೂರು ಮುಖ. ಸಾಮಾನ್ಯ ಮೀಟರು ಮೂರರಲ್ಲಿ ಹೆಚ್ಚಿನದನ್ನು ಮಾತ್ರ ತೋರಿಸಿ, ಸತ್ತ ಮುಖವನ್ನು ಮರೆಮಾಚಿಬಿಡುತ್ತದೆ.

ಅಮೆರಿಕದಲ್ಲಿ ಈ ಲೆಕ್ಕಾಚಾರ ತಲೆಕೆಳಗಾದದ್ದು 1997ರ ನಂತರ. ಆ ವರ್ಷ ಷೆವ್ರೊಲೆ ಕಾರ್ವೆಟ್‌ಗೆ ಬಂದ ಎಲ್‌ಎಸ್1 ಇಂಜಿನ್ 5.7 ಲೀಟರಿನದಾದರೂ ಅಲ್ಯೂಮಿನಿಯಂ ಬ್ಲಾಕಿನದು. 345 ಅಶ್ವಶಕ್ತಿ ಕೊಡುತ್ತಿತ್ತು. 1.3 ಲೀಟರಿನ ರೋಟರಿಗೆ ಎರಡು ಟರ್ಬೊ ಕಟ್ಟಿದರೂ ಅಲ್ಲಿನ ಆರ್‌ಎಕ್ಸ್-7ಗೆ ಬಂದದ್ದು 255. ಅಪಘಾತವಾದ ಕಾರುಗಳಿಂದ ಕಳಚಿದ ಈ ವಿ8 ಇಂಜಿನ್ನುಗಳು ಸಿಗತೊಡಗಿದಂತೆ ಅವನ್ನು ಆರ್‌ಎಕ್ಸ್-7ಗೆ ಕೂರಿಸಲು ಬೇಕಾದ ಬ್ರಾಕೆಟ್ಟು, ಮೌಂಟುಗಳ ಒಂದು ಮಾರುಕಟ್ಟೆಯೇ ಬೆಳೆಯಿತು. ನಿತ್ಯ ಓಡಿಸುವವರಿಗೆ, ರೇಸ್ ಟ್ರ್ಯಾಕಿನಲ್ಲಿ ಬಿಸಿಯ ಭಯವಿಲ್ಲದೆ ಓಡಬೇಕೆನ್ನುವವರಿಗೆ ಅದು ಒಳ್ಳೆಯ ಆಯ್ಕೆ. ಆದರೆ ಆರ್‌ಎಕ್ಸ್-7ರ ಬಾನೆಟ್ ಅಷ್ಟು ತಗ್ಗಾಗಿ ಇಳಿದಿರುವುದು, ಇಂಜಿನ್ ಮುಂದಿನ ಚಕ್ರಗಳ ಹಿಂದಕ್ಕೆ ಸರಿದಿರುವುದು, ಎಲ್ಲವೂ ಆ ಪುಟ್ಟ ರೋಟರಿಯ ದೆಸೆಯಿಂದ. ಗೂಡು ಗಟ್ಟಿಯಾಗಿರುವಾಗಲೂ ಅದನ್ನು ಕಿತ್ತೆಸೆಯುವುದು ಆ ಕಾರಿಗೆ ಮಾಡುವ ಅನ್ಯಾಯ.

ಬೆಲೆಯೂ ಈಗ ಅದೇ ಮಾತನ್ನು ಹೇಳುತ್ತಿದೆ. ಮೂರನೆಯ ತಲೆಮಾರಿನ ಆರ್‌ಎಕ್ಸ್-7 ಅಮೆರಿಕದಲ್ಲಿ 1993ರಿಂದ 1995ರ ಮಾದರಿಯವರೆಗೆ ಮಾತ್ರ ಮಾರಾಟವಾಗಿತ್ತು. 25 ವರ್ಷ ದಾಟಿದ ವಾಹನಗಳನ್ನು ಹೊರಗಿನಿಂದ ತರಿಸಿಕೊಳ್ಳಲು ಅಲ್ಲಿನ ಕಾನೂನು ಬಿಡುವುದರಿಂದ ಜಪಾನಿನ ಹಳೆಯ ಕಾರುಗಳು ಹಡಗು ಹತ್ತಿದವು, ಸಂಗ್ರಹಕಾರರ ಕಣ್ಣು ಮೂಲ ಇಂಜಿನ್ ಉಳಿದ ಕಾರುಗಳ ಮೇಲೆ ಬಿತ್ತು. ಹಿಂದೆ ವಿ8 ಕೂರಿಸಿದ ಕಾರಿಗೆ ರೋಟರಿಯನ್ನು ಮತ್ತೆ ಕಟ್ಟಿಸುವವರೂ ಈಗ ಇದ್ದಾರೆ. ಅಂಥವರ ಮೊದಲ ಹುಡುಕಾಟ, ಗೀರು ಬೀಳದ ಎರಡು ಗೂಡುಗಳಿಗಾಗಿ.